ಬುಲೆಟ್ ರೈಲಿನ ಒಂದು ಗಂಟೆ, ನಿಲ್ದಾಣ ಮುಟ್ಟುವ ಇನ್ನೊಂದು ಗಂಟೆ

ಬುಲೆಟ್ ರೈಲಿನ ಸುದ್ದಿ ಯಾವಾಗಲೂ ನಿಮಿಷಗಳ ಲೆಕ್ಕದಲ್ಲೇ ಬರುತ್ತದೆ. ಮುಂಬೈ–ಅಹಮದಾಬಾದ್ 508 ಕಿ.ಮೀ., 2 ಗಂಟೆ 7 ನಿಮಿಷ. 2026ರ ಕೇಂದ್ರ ಬಜೆಟ್‌ನಲ್ಲಿ ಏಳು ಹೊಸ ಹೈಸ್ಪೀಡ್ ಮಾರ್ಗಗಳ ಘೋಷಣೆಯಾದಾಗಲೂ ಹಾಗೇ ಆಯಿತು. ಚೆನ್ನೈ–ಬೆಂಗಳೂರು 1 ಗಂಟೆ 13 ನಿಮಿಷ, ಹೈದರಾಬಾದ್–ಬೆಂಗಳೂರು ಸುಮಾರು 2 ಗಂಟೆ ಎಂದು ರೈಲ್ವೆ ಸಚಿವರು ಹೇಳಿದರು. ಎರಡು ಮಾರ್ಗಗಳೂ ನಮ್ಮ ಊರಿಗೇ ಬರುವಂಥವು. ಖುಷಿ ಆಗುವುದು ಸಹಜ.

ಆದರೆ ಇದು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದು ಪ್ಲಾಟ್‌ಫಾರ್ಮಿನ ಲೆಕ್ಕ. ಪ್ಲಾಟ್‌ಫಾರ್ಮಿನ ಮೇಲೆ ಯಾರೂ ಮನೆ ಮಾಡಿಕೊಂಡಿರುವುದಿಲ್ಲ. ಮನೆ ಬೀಗ ಹಾಕಿ ಹೊರಟಲ್ಲಿಂದ ಹೋಗಬೇಕಾದ ಮನೆ, ಆಫೀಸು, ಆಸ್ಪತ್ರೆಯ ಬಾಗಿಲು ತಲುಪುವವರೆಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಪ್ರಯಾಣದ ಅವಧಿ ಅಲ್ವಾ? ಈ ಲೆಕ್ಕದಲ್ಲಿ ನಿಲ್ದಾಣ ಎಲ್ಲಿದೆ, ಅಲ್ಲಿಗೆ ಹೋಗುವುದು ಹೇಗೆ ಅನ್ನುವುದಕ್ಕೆ ರೈಲಿನ ವೇಗದಷ್ಟೇ ತೂಕ ಇದೆ. ಎಷ್ಟೋ ಸಲ ಅದಕ್ಕಿಂತ ಜಾಸ್ತಿ.

ಒಂದು ಸಣ್ಣ ಲೆಕ್ಕ ನೋಡಿ. 300 ಕಿ.ಮೀ. ದೂರವನ್ನು ಗಂಟೆಗೆ 300 ಕಿ.ಮೀ. ವೇಗದಲ್ಲಿ ಹೋದರೆ 60 ನಿಮಿಷ. ವೇಗವನ್ನು 350ಕ್ಕೆ ಏರಿಸಿದರೆ ಸುಮಾರು 51 ನಿಮಿಷ. ಉಳಿದದ್ದು ಒಂಬತ್ತು ನಿಮಿಷ ಮಾತ್ರ. ಇಷ್ಟಕ್ಕೆ ಹಳಿ, ಬೋಗಿ, ಸಿಗ್ನಲ್ ಎಲ್ಲವೂ ಇನ್ನಷ್ಟು ದುಬಾರಿಯಾಗುತ್ತವೆ. ಗಾಳಿಯ ತಡೆ ವೇಗದ ವರ್ಗದಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುವುದರಿಂದ ವಿದ್ಯುತ್ ಖರ್ಚೂ ಏರುತ್ತದೆ. ಇನ್ನೊಂದು ಕಡೆ, ನಿಲ್ದಾಣವನ್ನು ಊರ ಹೊರಗೆ ಹದಿನೈದು ಕಿ.ಮೀ. ಆಚೆ ಇಟ್ಟರೆ ನಮ್ಮ ಯಾವುದೇ ದೊಡ್ಡ ನಗರದಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಹೋಗುತ್ತದೆ. ಅದೂ ಒಂದು ತುದಿಯಲ್ಲಿ ಮಾತ್ರ.

ಇದರ ಜೊತೆಗೆ, ಯಾವ ಘೋಷಣೆಯಲ್ಲೂ ಲೆಕ್ಕಕ್ಕೆ ಸೇರದ ಒಂದು ಸಮಯ ಇದೆ. ನಿಲ್ದಾಣಕ್ಕೆ ಹೋಗಲು ಒಂದು ದಿನ 40 ನಿಮಿಷ, ಇನ್ನೊಂದು ದಿನ 90 ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಆಗ ನಾವು ದಿನಾ 90 ನಿಮಿಷ ಮೊದಲೇ ಹೊರಡುತ್ತೇವೆ. ಟ್ರಾಫಿಕ್ ಇಲ್ಲದ ದಿನ ಉಳಿದ 50 ನಿಮಿಷ ಬೆಂಚಿನ ಮೇಲೆ ಕಳೆಯುತ್ತದೆ. ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಿ ರೈಲೋ ವಿಮಾನವೋ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಟ್ರೋ ನೇರವಾಗಿ ನಿಲ್ದಾಣದ ಒಳಗೆ ಇಳಿಸಿದರೆ ಈ ಅನುಮಾನವೇ ಇರುವುದಿಲ್ಲ. 35 ನಿಮಿಷ ಅಂದರೆ 35 ನಿಮಿಷ. ಮೆಟ್ರೋ ಜೋಡಣೆಯ ದೊಡ್ಡ ಲಾಭ ಅದರ ವೇಗಕ್ಕಿಂತ ಈ ನಂಬಿಕೆಯಲ್ಲಿದೆ ಎಂದು ನನಗನಿಸುತ್ತದೆ.

ಹಾಗಾದರೆ ನಿಲ್ದಾಣಗಳನ್ನು ಊರಿಂದ ಹೊರಗೆ ಯಾಕೆ ಕಟ್ಟುತ್ತಾರೆ? ಸುಮ್ನೆ ಯಾರೂ ಹಾಗೆ ಮಾಡುವುದಿಲ್ಲ, ಕಾರಣ ಇದೆ. 300 ದಾಟುವ ರೈಲಿಗೆ ಹಳಿ ಹೆಚ್ಚುಕಮ್ಮಿ ನೇರವಾಗಿರಬೇಕು. ತಿರುವಿನ ತ್ರಿಜ್ಯ ಹಲವು ಕಿಲೋಮೀಟರ್ ಬೇಕು. ಹಳೆಯ ನಗರದ ನಡುವೆ ಅಂಥ ಗೆರೆ ಎಳೆಯಬೇಕು ಅಂದರೆ ಒಂದೋ ಸಾವಿರಾರು ಮನೆ ಒಡೆಯಬೇಕು, ಇಲ್ಲವೇ ಸುರಂಗ ಕೊರೆಯಬೇಕು. ಎರಡೂ ದುಬಾರಿ. ಊರ ಹೊರಗಿನ ಹೊಲದಲ್ಲಿ ಭೂಮಿ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಯೋಜನೆಯ ಪುಸ್ತಕದಲ್ಲಿ ಖರ್ಚು ಕಮ್ಮಿ ಕಾಣುತ್ತದೆ. ಹಾಗೆ ಉಳಿದ ಹಣವನ್ನು ಪ್ರಯಾಣಿಕರು ಮುಂದಿನ ಐವತ್ತು ವರ್ಷ ಟ್ಯಾಕ್ಸಿ ಬಾಡಿಗೆಯ ರೂಪದಲ್ಲಿ ಕಟ್ಟುತ್ತಾರೆ. ಆ ಖರ್ಚು ಮಾತ್ರ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಇನ್ನೊಂದು ಕಾರಣ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಗಲ. ಫ್ರಾನ್ಸಿನಲ್ಲಿ ಹೈಸ್ಪೀಡ್ ಹಳಿಯೂ ಹಳೇ ಹಳಿಯೂ ಒಂದೇ ಅಗಲ. ಅಲ್ಲಿನ ಟಿಜಿವಿ ರೈಲು ಹೊರವಲಯದವರೆಗೆ ಹೊಸ ಹಳಿಯಲ್ಲಿ ಜೋರಾಗಿ ಬಂದು, ಕೊನೆಯ ಕೆಲವು ಕಿಲೋಮೀಟರ್ ಹಳೇ ಹಳಿಯ ಮೇಲೆ ನಿಧಾನವಾಗಿ ಊರ ನಡುವಿನ ನಿಲ್ದಾಣಕ್ಕೇ ಹೋಗಿ ನಿಲ್ಲುತ್ತದೆ. ಜಪಾನ್ ಮತ್ತು ತೈವಾನ್‌ನ ಹಳೇ ಹಳಿಗಳು ಕಿರಿದು, ಬುಲೆಟ್ ರೈಲಿನ ಹಳಿ ಅಗಲ. ಅಲ್ಲಿ ಹೀಗೆ ಮಾಡಲು ಬರುವುದಿಲ್ಲ. ಭಾರತದಲ್ಲಿ ಹಳೇ ಹಳಿ ಬ್ರಾಡ್‌ಗೇಜ್, ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಅದಕ್ಕಿಂತ ಕಿರಿದಾದ ಸ್ಟ್ಯಾಂಡರ್ಡ್ ಗೇಜ್. ಅಂದರೆ ನಾವು ಜಪಾನಿನ ದಾರಿ ಹಿಡಿದಿದ್ದೇವೆ. ನಿಲ್ದಾಣ ತಪ್ಪು ಜಾಗದಲ್ಲಿ ಕೂತರೆ ಮುಂದೆ ರೈಲನ್ನು ಹಳೇ ಸ್ಟೇಷನ್ನಿಗೆ ತಿರುಗಿಸಿ ಸರಿಮಾಡೋಣ ಅನ್ನುವಂತಿಲ್ಲ. ಪ್ರಯಾಣಿಕರನ್ನು ಅಲ್ಲಿಗೆ ಮುಟ್ಟಿಸುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ತೈವಾನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಅಲ್ಲಿ 2007ರಲ್ಲಿ ತೈಪೆಯಿಂದ ದಕ್ಷಿಣದ ಕಾವೊಶುಂಗ್ ನಗರದ ಜೋಯಿಂಗ್‌ವರೆಗೆ ಹೈಸ್ಪೀಡ್ ರೈಲು ಶುರುವಾಯಿತು. ಸುಮಾರು 350 ಕಿ.ಮೀ. ದಾರಿ, ವೇಗದ ರೈಲಿಗೆ ಒಂದೂವರೆ ಗಂಟೆ ಸಾಕು. ತೈಪೆಯಲ್ಲಿ ನಿಲ್ದಾಣ ನಗರದ ನಡುವೆ, ನೆಲದಡಿಯಲ್ಲಿ, ಹಳೇ ರೈಲು ಮತ್ತು ಮೆಟ್ರೋ ಜೊತೆಗೇ ಇದೆ. ಆದರೆ ಮಧ್ಯದ ತಾವೊಯುವಾನ್, ಶಿಂಚು, ಜಿಯಾಯಿ, ತೈನಾನ್ ನಿಲ್ದಾಣಗಳನ್ನು ಊರಿಂದ ದೂರ ಕಟ್ಟಿದರು. ಸುತ್ತ ಹೊಸ ಬಡಾವಣೆ ಬೆಳೆಯುತ್ತದೆ, ಜನ ತಾನಾಗೇ ಬರುತ್ತಾರೆ ಎಂಬುದು ಆಗಿನ ನಂಬಿಕೆ.

ತೈಚುಂಗ್ ನಿಲ್ದಾಣವೂ ಊರ ನಡುವೆ ಇಲ್ಲ, ವೂರಿ ಅನ್ನುವ ಹೊರವಲಯದಲ್ಲಿದೆ. ಆದರೆ ಅಲ್ಲಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದರು. ಹೈಸ್ಪೀಡ್ ರೈಲು ಓಡುವ ಮೊದಲೇ, 2006ರಲ್ಲಿ, ಹಳೇ ರೈಲು ಮಾರ್ಗದಲ್ಲಿ ಶಿನ್‌ವೂರಿ ಎಂಬ ಹೊಸ ನಿಲ್ದಾಣವನ್ನು ಪಕ್ಕದಲ್ಲೇ ತೆರೆದರು. ಮೊದಲ ದಿನದಿಂದಲೇ ಲೋಕಲ್ ರೈಲಿನಿಂದ ಇಳಿದು, ನಡೆದು ಹೋಗಿ ಹೈಸ್ಪೀಡ್ ಹತ್ತಬಹುದಿತ್ತು. 2021ರಲ್ಲಿ ಮೆಟ್ರೋ ಕೂಡ ಬಂತು. ತೈನಾನ್ ನಿಲ್ದಾಣ ಊರ ನಡುವಿನಿಂದ ಹತ್ತು ಕಿ.ಮೀ.ಗೂ ಮೇಲೆ, ಗ್ವೇರೆನ್ ಎಂಬಲ್ಲಿದೆ. ಅದಕ್ಕೆ ಹಳೇ ಸ್ಟೇಷನ್ನಿನಿಂದ ರೈಲು ಜೋಡಣೆ ಸಿಕ್ಕಿದ್ದು 2011ರಲ್ಲಿ. ಸುಮಾರು ಐದು ಕಿ.ಮೀ. ಉದ್ದದ ಶಾಲುನ್ ಶಾಖೆ ಮಾರ್ಗಕ್ಕೆ ನಾಲ್ಕು ವರ್ಷ ಕಾಯಬೇಕಾಯಿತು. ಶಿಂಚುವಿಗೂ ಅದೇ ವರ್ಷ. ತಾವೊಯುವಾನ್ ನಿಲ್ದಾಣವನ್ನು ವಿಮಾನ ನಿಲ್ದಾಣಕ್ಕೆ ಜೋಡಿಸುವ ಮೆಟ್ರೋ ಬಂದಿದ್ದು 2017ರಲ್ಲಿ. ಅಂದರೆ ಹತ್ತು ವರ್ಷ!

ಆ ಮಧ್ಯದ ವರ್ಷಗಳಲ್ಲಿ ಬಸ್ಸುಗಳು ಭಾರ ಹೊತ್ತವು. ಹೈಸ್ಪೀಡ್ ಟಿಕೆಟ್ ತೋರಿಸಿದರೆ ಉಚಿತವಾಗಿ ಊರೊಳಗೆ ಬಿಡುವ ಶಟಲ್ ಬಸ್ಸು ಬಿಟ್ಟರು. ಜಿಯಾಯಿಯಲ್ಲಿ ಬಿಆರ್‌ಟಿ (ವೇಗದ ಬಸ್ ಸಾರಿಗೆ) ಮಾದರಿಯ ಬಸ್ ಮಾರ್ಗವನ್ನೇ ಮಾಡಿದರು. ಈ ಬಸ್ಸುಗಳ ಪಾಠ ದೊಡ್ಡದು. ಮೆಟ್ರೋ ಇನ್ನೂ ಬಂದಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ರೈಲಿನ ಹೊತ್ತಿಗೆ ಸರಿಯಾಗಿ ಹೊರಡುವ, ಅದೇ ಟಿಕೆಟಿನಲ್ಲಿ ಹತ್ತಬಹುದಾದ ಬಸ್ಸು ಇದ್ದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಶುರುವಿನ ವರ್ಷಗಳಲ್ಲಿ ತೈವಾನ್ ಹೈಸ್ಪೀಡ್‌ನಲ್ಲಿ ಅಂದಾಜಿಸಿದಷ್ಟು ಜನ ಬರಲಿಲ್ಲ. ಕಟ್ಟಿದ ಖಾಸಗಿ ಕಂಪನಿ ಸಾಲದ ಬಡ್ಡಿಯಲ್ಲಿ ಮುಳುಗಿ, ಕೊನೆಗೆ ಸರ್ಕಾರವೇ ಕೈಹಿಡಿಯಬೇಕಾಯಿತು. ಅದಕ್ಕೆ ದೂರದ ನಿಲ್ದಾಣಗಳೊಂದೇ ಕಾರಣ ಎನ್ನಲಾಗದು, ಹಣಕಾಸಿನ ಯೋಜನೆಯೇ ಸಡಿಲವಾಗಿತ್ತು. ಹಾಗೇ ತೈಚುಂಗ್ ನಿಲ್ದಾಣಕ್ಕೆ ತೈನಾನ್‌ಗಿಂತ ಜನ ಜಾಸ್ತಿ ಬರುವುದಕ್ಕೆ ಅದು ದೊಡ್ಡ ನಗರ ಅನ್ನುವುದೂ ಕಾರಣ. ಇದನ್ನೆಲ್ಲ ಕಳೆದರೂ ಒಂದು ವಿಷಯ ಉಳಿಯುತ್ತದೆ. ಅದೇ ಹಳಿ, ಅದೇ ರೈಲು, ಅದೇ ವರ್ಷ. ಆದರೂ ತೈಚುಂಗ್ ಪ್ರಯಾಣಿಕನಿಗೆ ಮೊದಲ ದಿನ ಸಿಕ್ಕಿದ್ದು ತೈನಾನ್ ಪ್ರಯಾಣಿಕನಿಗೆ ನಾಲ್ಕು ವರ್ಷ ತಡವಾಗಿ ಸಿಕ್ಕಿತು.

ಯುರೋಪಿನಲ್ಲೂ ಇಂಥ ಕಥೆಗಳಿವೆ. ಪ್ಯಾರಿಸ್‌ನಿಂದ ಉತ್ತರಕ್ಕೆ ಹೋಗುವ ಹೈಸ್ಪೀಡ್ ಮಾರ್ಗವನ್ನು ತಮ್ಮ ಊರೊಳಗೇ ತರಬೇಕು ಎಂದು ಲೀಲ್ ನಗರ ಹಟ ಹಿಡಿಯಿತು. ಅಲ್ಲಿನ ಮೇಯರ್ ಪಿಯೇರ್ ಮೊರುವಾ ಮೊದಲು ದೇಶದ ಪ್ರಧಾನಿಯಾಗಿದ್ದವರು, ಪ್ರಭಾವ ಇತ್ತು. ಲೀಲ್ ಗೆದ್ದಿತು. ಆಮಿಯಾನ್ ನಗರಕ್ಕೆ ಆ ಭಾಗ್ಯ ಇರಲಿಲ್ಲ. ಮಾರ್ಗ ಅದನ್ನು ಬಿಟ್ಟು ಹೋಯಿತು. ಸಮಾಧಾನಕ್ಕೆಂದು ಆಮಿಯಾನ್ ಮತ್ತು ಸ್ಯಾಂ ಕಾಂತ್ಯಾಂ ಊರುಗಳ ನಡುವೆ, ಹೊಲಗಳ ಮಧ್ಯೆ, 1994ರಲ್ಲಿ ಒಂದು ನಿಲ್ದಾಣ ಕಟ್ಟಿದರು. ಹಳೇ ರೈಲು ಮಾರ್ಗದ ಜೋಡಣೆ ಇಲ್ಲ. ಜನ ಅದನ್ನು ಬೀಟ್‌ರೂಟ್ ಸ್ಟೇಷನ್ ಎಂದೇ ಕರೆದರು, ಸುತ್ತ ಸಕ್ಕರೆ ಬೀಟ್ ಬೆಳೆ ಇದ್ದದ್ದರಿಂದ. ಸ್ಪೇನಿನ ಗ್ವಾದಲಹಾರ ಊರಿನದೂ ಇದೇ ಪಾಡು. 2003ರಲ್ಲಿ ತೆರೆದ ನಿಲ್ದಾಣ ಊರಿಂದ ಹಲವು ಕಿ.ಮೀ. ದೂರ. ಊರೊಳಗಿನ ಹಳೇ ಸ್ಟೇಷನ್ನಿನಿಂದ ಮ್ಯಾಡ್ರಿಡ್‌ಗೆ ಲೋಕಲ್ ರೈಲು ಮೊದಲೇ ಇತ್ತು. ಇನ್ನು ಅಷ್ಟು ದೂರ ಹೋಗಿ ವೇಗದ ರೈಲು ಹತ್ತುವವರು ಯಾರು? ಅದೇ ದೇಶದ ಸಿಯುದಾದ್ ರಿಯಾಲ್‌ನಲ್ಲಿ ಊರಿಗೆ ಅಂಟಿಕೊಂಡೇ ನಿಲ್ದಾಣ ಕಟ್ಟಿದರು. ಅಲ್ಲಿಂದ ಮ್ಯಾಡ್ರಿಡ್‌ಗೆ ದಿನಾ ಕೆಲಸಕ್ಕೆ ಹೋಗಿಬರುವವರೇ ಇದ್ದಾರೆ.

ಈಗ ನಮ್ಮ ಮೊದಲ ಮಾರ್ಗಕ್ಕೆ ಬರೋಣ. ಮುಂಬೈ–ಅಹಮದಾಬಾದ್ ನಡುವೆ ಹನ್ನೆರಡು ನಿಲ್ದಾಣಗಳಿವೆ. ಸೂರತ್ ಭಾಗದ ಮೊದಲ ತುಂಡನ್ನು 2027ರ ಆಗಸ್ಟ್‌ನಲ್ಲಿ ಶುರುಮಾಡುವ ಗುರಿ ಇದೆ. ಕೆಲವು ನಿಲ್ದಾಣಗಳ ಜಾಗ ನಿಜಕ್ಕೂ ಚೆನ್ನಾಗಿದೆ. ಅಹಮದಾಬಾದಿನಲ್ಲಿ ಬುಲೆಟ್ ನಿಲ್ದಾಣ ಬರುತ್ತಿರುವುದು ಹಳೇ ಕಾಲುಪುರ ಸ್ಟೇಷನ್ನಿನ ಪ್ಲಾಟ್‌ಫಾರ್ಮುಗಳ ಮೇಲೆ. ಅಲ್ಲಿ ಮೆಟ್ರೋ ಇದೆ. ವಡೋದರದಲ್ಲೂ ಈಗಿನ ಜಂಕ್ಷನ್ನಿನಲ್ಲೇ. ಸಾಬರಮತಿಯಲ್ಲಿ ರೈಲು, ಮೆಟ್ರೋ, ಬಸ್ಸು ಮೂರನ್ನೂ ಜೋಡಿಸುವ ಕಟ್ಟಡವೇ ಎದ್ದಿದೆ. ಮುಂಬೈಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ ನಿಲ್ದಾಣ ನೆಲದಡಿಯಲ್ಲಿ. ಹತ್ತಿರ ಹಾದುಹೋಗುವ ಮೆಟ್ರೋ 3ನೇ ಮಾರ್ಗ 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಇಷ್ಟು ಕಷ್ಟಪಟ್ಟು ನಗರದೊಳಗೆ ತಂದಿದ್ದಕ್ಕೆ ಯೋಜನೆ ಮಾಡಿದವರನ್ನು ಮೆಚ್ಚಲೇಬೇಕು.

ಸೂರತ್‌ನ ಕಥೆ ಬೇರೆ. ಅಲ್ಲಿ ನಿಲ್ದಾಣ ಇರುವುದು ಅಂತ್ರೋಲಿ ಗ್ರಾಮದ ಬಳಿ, ಹಳೇ ಸ್ಟೇಷನ್ನಿನಿಂದ ಸುಮಾರು ಹತ್ತು ಕಿ.ಮೀ.ಗೂ ಮೇಲೆ. ಸೂರತ್‌ಗೆ ಬರುವವರಲ್ಲಿ ಬಹಳಷ್ಟು ಜನ ಬಟ್ಟೆ ವ್ಯಾಪಾರಿಗಳು. ಅವರಿಗೆ ಬೇಕಾದ ಜವಳಿ ಮಾರುಕಟ್ಟೆ ಇರುವುದು ರಿಂಗ್ ರೋಡಿನಲ್ಲಿ, ಹಳೇ ಸ್ಟೇಷನ್ನಿಗೆ ಹತ್ತಿರ.

ಮುಂಬೈಯ ಬೋರಿವಿಲಿಯಲ್ಲಿ ಮನೆ ಇರುವ ಒಬ್ಬ ವ್ಯಾಪಾರಿಯನ್ನು ತೆಗೆದುಕೊಳ್ಳಿ. ಇವತ್ತು ಅವರು ಬೋರಿವಿಲಿಯಲ್ಲೇ ವಂದೇ ಭಾರತ್ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಸೂರತ್. ಇಳಿದು ಆಟೋ ಹಿಡಿದರೆ ಮಾರುಕಟ್ಟೆ. ನಾಳೆ ಬುಲೆಟ್ ರೈಲು ಹಿಡಿಯಬೇಕು ಅಂದರೆ ಮೊದಲು ತಿರುಗಿ ದಕ್ಷಿಣಕ್ಕೆ, ಬಾಂದ್ರಾ–ಕುರ್ಲಾಕ್ಕೆ ಹೋಗಬೇಕು. ಅದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ತಪಾಸಣೆ, ಕೆಳಗೆ ಇಳಿಯುವುದು, ಕಾಯುವುದು ಸೇರಿ ಇಪ್ಪತ್ತು ನಿಮಿಷ. ರೈಲಿನಲ್ಲಿ ಒಂದು ಗಂಟೆ ಆಸುಪಾಸು. ಅಂತ್ರೋಲಿಯಿಂದ ರಿಂಗ್ ರೋಡಿಗೆ ಅರ್ಧ ಗಂಟೆಯಾದರೂ ಬೇಕು. ಒಟ್ಟು ಮೂರು ಗಂಟೆಯ ಹತ್ತಿರ! ಇದು ನನ್ನ ಅಂದಾಜು, ಹತ್ತು ನಿಮಿಷ ಆಚೀಚೆ ಆಗಬಹುದು. ಆದರೂ ಗಂಟೆಗೆ 320 ಕಿ.ಮೀ. ಓಡುವ ರೈಲು ಈ ವ್ಯಾಪಾರಿಗೆ ಒಂದು ನಿಮಿಷವನ್ನೂ ಉಳಿಸದೇ ಹೋಗಬಹುದು. ವಿರಾರ್‌ನಲ್ಲಿ ಹತ್ತಬಹುದಲ್ಲ ಅನ್ನಬಹುದು. ಅಲ್ಲಿನ ಬುಲೆಟ್ ನಿಲ್ದಾಣವೂ ಲೋಕಲ್ ಸ್ಟೇಷನ್ನಿನ ಪಕ್ಕದಲ್ಲಿಲ್ಲ. ಮೇಲಾಗಿ ವೇಗದ ರೈಲುಗಳು ಅಲ್ಲಿ ನಿಲ್ಲುವುದಿಲ್ಲ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲು ಇಡೀ ದಾರಿಗೆ 2 ಗಂಟೆ 58 ನಿಮಿಷ ತೆಗೆದುಕೊಳ್ಳುತ್ತದೆ. ಒಂದೊಂದು ಹೆಚ್ಚಿನ ನಿಲುಗಡೆಗೆ ಐದಾರು ನಿಮಿಷದ ಮೇಲೇ ಹೋಗುತ್ತದೆ. ಹಾಗಾಗಿ ಸಣ್ಣ ನಿಲ್ದಾಣಗಳಿಗೆ ಸಿಗುವ ರೈಲುಗಳೂ ಕಮ್ಮಿ. ಒಂದು ತಪ್ಪಿದರೆ ಮುಂದಿನದಕ್ಕೆ ಜಾಸ್ತಿ ಕಾಯಬೇಕು.

ಅದೇ ಬೋರಿವಿಲಿಯವರು ಅಹಮದಾಬಾದಿಗೆ ಹೊರಟರೆ ಬುಲೆಟ್ ರೈಲು ಸುಲಭವಾಗಿ ಗೆಲ್ಲುತ್ತದೆ. ಈಗ ವಂದೇ ಭಾರತ್‌ಗೆ ಮುಂಬೈ ಸೆಂಟ್ರಲ್‌ನಿಂದ ಐದೂವರೆ ಗಂಟೆಯ ಹತ್ತಿರ ಬೇಕು. ನಿಲ್ದಾಣಕ್ಕೆ ಒಂದೂವರೆ ಗಂಟೆ ಕಳೆದರೂ ಉಳಿತಾಯ ಕಣ್ಣಿಗೆ ಕಾಣುತ್ತದೆ. ನಿಲ್ದಾಣ ಮುಟ್ಟುವ ಸಮಯ ಎಲ್ಲ ಪ್ರಯಾಣಕ್ಕೂ ಒಂದೇ. ಐನೂರು ಕಿಲೋಮೀಟರ್ ಪ್ರಯಾಣದಲ್ಲಿ ಅದು ಕರಗಿ ಹೋಗುತ್ತದೆ, ನೂರೈವತ್ತರಲ್ಲಿ ಇಡೀ ಲಾಭವನ್ನು ನುಂಗುತ್ತದೆ. ದಿನಾ ಓಡಾಡುವವರು ಹೆಚ್ಚಾಗಿ ಹೋಗುವುದು ಈ ಹತ್ತಿರದ ದೂರಕ್ಕೇ.

ಠಾಣೆ, ವಿರಾರ್, ಸೂರತ್, ಸಾಬರಮತಿ ಈ ನಾಲ್ಕು ನಿಲ್ದಾಣಗಳ ಸುತ್ತಲಿನ ಪ್ರದೇಶ ಮತ್ತು ಸಂಪರ್ಕವನ್ನು ಬೆಳೆಸಲು ಜಪಾನಿನ ಜೈಕಾ ಸಂಸ್ಥೆಯ ನೆರವಿನಲ್ಲಿ ಸ್ಮಾರ್ಟ್ ಎಂಬ ಯೋಜನೆ ಇದೆ. ಅಂದರೆ ಸಮಸ್ಯೆ ಗೊತ್ತಿದೆ, ಕೆಲಸವೂ ಶುರುವಾಗಿದೆ. ಆದರೆ ರಸ್ತೆ, ಬಸ್ಸು, ಮೆಟ್ರೋ ಇವೆಲ್ಲ ರಾಜ್ಯ ಸರ್ಕಾರ, ನಗರಪಾಲಿಕೆ, ಬೇರೆ ಬೇರೆ ನಿಗಮಗಳ ಕೈಯಲ್ಲಿವೆ. ರೈಲು ಕಟ್ಟುವುದು ಇನ್ನೊಂದು ನಿಗಮ. ರೈಲಿಗೆ ಒಂದು ಗಡುವು, ಬಸ್ ನಿಲ್ದಾಣಕ್ಕೆ ಇನ್ನೊಂದು. ಎರಡನೆಯದು ತಪ್ಪಿದರೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಈ ಮಾತು ನಮಗೆ ಹೊಸದಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಗೆ ಹೋಗುವ ಮೆಟ್ರೋ ಇಷ್ಟು ವರ್ಷದ ಮೇಲೂ ಕೆಲಸದಲ್ಲೇ ಇದೆ. ನಡುವೆ ಬೆಂಗಳೂರನ್ನು ಕಾಪಾಡಿದ್ದು ಬಿಎಂಟಿಸಿಯ ವಾಯುವಜ್ರ ಬಸ್ಸು. ತೈವಾನ್ ಶಟಲ್ ಮಾಡಿದ್ದನ್ನೇ ಅದೂ ಮಾಡಿತು. ವಿಮಾನ ನಿಲ್ದಾಣದ ಹತ್ತಿರ 2021ರಲ್ಲಿ ರೈಲು ಹಾಲ್ಟ್ ಆಯಿತು, ಆದರೆ ರೈಲುಗಳೇ ಕೆಲವು. ಇನ್ನು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. 2022ರಲ್ಲಿ ತೆರೆದಾಗ ಕಟ್ಟಡ ಹೊಳೆಯುತ್ತಿತ್ತು. ಮೆಟ್ರೋ ಹತ್ತಿರದಲ್ಲೇ ಓಡುತ್ತಿತ್ತು, ಆದರೆ ಮೆಟ್ರೋ ಇಳಿದು ನೆರಳಿನಲ್ಲೇ ನಡೆದು ಟರ್ಮಿನಲ್ ಒಳಗೆ ಹೋಗುವ ನೇರ ದಾರಿ ಇರಲಿಲ್ಲ. 2024ರಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬಂದು ನಿಲ್ಲುವುದು ಅಲ್ಲೇ. ಹತ್ತಿರ ಹತ್ತಿರ ಒಂಬತ್ತು ಗಂಟೆ ಕೂತು ಬಂದವರಿಗೆ ಕೊನೆಯ ಆ ಒಂದು ಕಿಲೋಮೀಟರ್ ಎಷ್ಟು ಭಾರ ಅನ್ನುವುದನ್ನು ಯೋಜನೆ ಮಾಡುವವರು ಒಮ್ಮೆ ಬ್ಯಾಗು ಹೊತ್ತು ನಡೆದು ನೋಡಬೇಕು.

ಭಾರದ ಮಾತು ಬಂತು. ನಿಲ್ದಾಣ ಮುಟ್ಟುವುದು ಎಲ್ಲರಿಗೂ ಒಂದೇ ಥರ ಅಲ್ಲ. ಬುಲೆಟ್ ರೈಲಿನ ಒಂದು ದೊಡ್ಡ ಗುಣ ಏನೆಂದರೆ ಪ್ಲಾಟ್‌ಫಾರ್ಮು ಮತ್ತು ಬೋಗಿಯ ನೆಲ ಒಂದೇ ಮಟ್ಟದಲ್ಲಿರುತ್ತದೆ. ನಮ್ಮ ಈಗಿನ ರೈಲುಗಳ ಕಡಿದಾದ ಮೆಟ್ಟಿಲು ಹತ್ತಲಾಗದ ಅಜ್ಜಿ, ಗಾಲಿಕುರ್ಚಿಯವರು ಅಲ್ಲಿ ಯಾರ ಕೈಯೂ ಹಿಡಿಯದೆ ಒಳಗೆ ಹೋಗಬಹುದು. ಆದರೆ ಬಸ್ ಸ್ಟಾಪಿನಿಂದ ನಿಲ್ದಾಣದ ಗೇಟಿನವರೆಗಿನ ಫುಟ್‌ಪಾತ್ ಒಡೆದಿದ್ದರೆ ಆ ಅನುಕೂಲ ಅವರವರೆಗೆ ಬರುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಊರ ಹೊರಗಿನ ನಿಲ್ದಾಣದಲ್ಲಿ ಇಳಿಯುವ ಒಬ್ಬ ಹುಡುಗಿಗೆ ಅಲ್ಲಿ ಬಸ್ಸು ಇದೆಯಾ, ದೀಪ ಇದೆಯಾ ಅನ್ನುವುದೇ ಮುಖ್ಯ. ಇಲ್ಲದಿದ್ದರೆ ಅವಳು ಆ ರೈಲನ್ನು ಬಿಟ್ಟು ಬೇರೆ ದಾರಿ ನೋಡುತ್ತಾಳೆ. ಕಾರು ಇರುವವರಿಗೆ ಮಾತ್ರ ಹತ್ತಿರವಾಗುವ ನಿಲ್ದಾಣವನ್ನು ಸಾರ್ವಜನಿಕ ಹಣದಲ್ಲಿ ಯಾಕೆ ಕಟ್ಟಬೇಕು?

ಬೆಂಗಳೂರಿನ ವಿಷಯದಲ್ಲಿ ನನ್ನ ಆತಂಕ ಇಷ್ಟು. ಹೈದರಾಬಾದ್ ಮಾರ್ಗ ಉತ್ತರದಿಂದ ಬರುತ್ತದೆ, ಚೆನ್ನೈ ಮಾರ್ಗ ಪೂರ್ವದಿಂದ. ಎರಡನ್ನೂ ಊರ ಹೊರಗೇ ಎಲ್ಲೋ ಸೇರಿಸಿ, ಅಲ್ಲೊಂದು ದೊಡ್ಡ ನಿಲ್ದಾಣ ಕಟ್ಟುವ ಆಸೆ ಯಾರಿಗಾದರೂ ಬರುತ್ತದೆ. ಚೆನ್ನೈಗೆ ಹೋಗುವವರಿಗೆ ಹಾಗಾದರೂ ನಷ್ಟವಿಲ್ಲ. ಈಗಿನ ವಂದೇ ಭಾರತ್ ನಾಲ್ಕೂವರೆ ಗಂಟೆಯ ಹತ್ತಿರ ತೆಗೆದುಕೊಳ್ಳುವುದರಿಂದ ಲಾಭ ಉಳಿಯುತ್ತದೆ, ಮೊದಲು ಹೇಳಿದಷ್ಟಲ್ಲ ಅಷ್ಟೇ. ಆದರೆ ಚೆನ್ನೈ ಮಾರ್ಗವನ್ನು ಮೈಸೂರಿನವರೆಗೆ, ಒಟ್ಟು 435 ಕಿ.ಮೀ., ಒಯ್ಯುವ ಯೋಚನೆಯೂ ಹಿಂದೆ ಇತ್ತು. ಬೆಂಗಳೂರು–ಮೈಸೂರು ಈಗಲೇ ರೈಲಿನಲ್ಲಿ ಎರಡು ಗಂಟೆಯ ದಾರಿ, ಅದೂ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಇಳಿದು ಹತ್ತಿದರೆ. ಜಯನಗರದವರನ್ನು ಮೊದಲು ದೇವನಹಳ್ಳಿ ಕಡೆಗೋ ಹೊಸಕೋಟೆ ಕಡೆಗೋ ಕಳಿಸಿ ಮೈಸೂರಿಗೆ ಬುಲೆಟ್ ರೈಲು ಹತ್ತಿಸಿದರೆ ಅದು ಯಾರ ಉಪಯೋಗಕ್ಕೆ?

ವಿವರವಾದ ಯೋಜನಾ ವರದಿ ತಯಾರಾಗುವ ಹೊತ್ತಿನಲ್ಲೇ ಕೆಲವನ್ನು ಕೇಳಿ ಪಡೆಯಬೇಕು. ನಿಲ್ದಾಣಕ್ಕೆ ಸೂಚಿಸಿದ ಪ್ರತಿ ಜಾಗದಿಂದಲೂ ಊರಿನ ಇಪ್ಪತ್ತು ಮೂವತ್ತು ಬಡಾವಣೆಗಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ರಾತ್ರಿ ಹತ್ತಕ್ಕೆ, ಬಸ್ಸು–ಮೆಟ್ರೋದಲ್ಲಿ ಎಷ್ಟು ಹೊತ್ತು ಅನ್ನುವ ಪಟ್ಟಿಯನ್ನು ಜನರ ಮುಂದಿಡಬೇಕು. ಎರಡು ಜಾಗಗಳನ್ನು ಹೋಲಿಸುವಾಗ ಭೂಮಿಯ ಬೆಲೆಯ ಜೊತೆಗೆ ಈ ನಿಮಿಷಗಳ ಬೆಲೆಯನ್ನೂ ಕೂಡಿಸಬೇಕು. ಮೆಟ್ರೋ ಜೋಡಣೆ, ನಡೆದು ಹೋಗುವ ಸೇತುವೆ, ಬಸ್ ನಿಲ್ದಾಣ ಇವುಗಳ ಹಣ ರೈಲಿನ ಅಂದಾಜು ವೆಚ್ಚದಲ್ಲೇ ಇರಬೇಕು, ಗಡುವೂ ಅದೇ ಇರಬೇಕು. ಬಿಎಂಟಿಸಿ, ಮೆಟ್ರೋ ನಿಗಮ, ಉಪನಗರ ರೈಲು ಕಟ್ಟುತ್ತಿರುವ ಕೆ-ರೈಡ್ ಇವರೆಲ್ಲ ಜಾಗ ಗುರುತಿಸುವ ಮೊದಲ ಸಭೆಯಲ್ಲೇ ಕೂರಬೇಕು. ನಕ್ಷೆಯಲ್ಲಿ ನಿಲ್ದಾಣದ ಚುಕ್ಕೆ ಬಿದ್ದ ಮಾರನೇ ದಿನದಿಂದ ಸುತ್ತಲಿನ ಭೂಮಿ ಕೈಬದಲಾಗಲು ಶುರುವಾಗುತ್ತದೆ. ಆಮೇಲೆ ಒಂದು ಬಸ್ ಡಿಪೋಗೆ ಎರಡು ಎಕರೆ ಹುಡುಕುವುದಕ್ಕೂ ವರ್ಷಗಟ್ಟಲೆ ಕೋರ್ಟು ಸುತ್ತಬೇಕಾಗುತ್ತದೆ.